ಹಳೆಯ ಗ್ಯಾಸ್ ಗ್ರಿಲ್: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು

ಪ್ರಶ್ನೆ: ಮನೆ ಖಾಲಿ ಮಾಡುತ್ತಿದ್ದ ಪರಿಚಯದವರೊಬ್ಬರು ತಮ್ಮ ಹಳೆಯ ಗ್ಯಾಸ್ ಗ್ರಿಲ್ಲನ್ನು ನನಗೆ ಕೊಟ್ಟುಹೋಗಿದ್ದಾರೆ. ಸುಮಾರು 20 ವರ್ಷ ಹಳೆಯದು. ಮೂರು ಬರ್ನರ್‌ಗಳಿವೆ, ಒಡಲು ಎರಕದ ಅಲ್ಯೂಮಿನಿಯಂನದು. ಕೆಲವು ವರ್ಷ ಬಯಲಿನಲ್ಲೇ ಬಿದ್ದಿತ್ತಂತೆ. ಮುಚ್ಚಳದ ಒಳಗಿನ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದೆ, ಜಾಲರಿಗೆ ತುಕ್ಕು ಹಿಡಿದಿದೆ. ಸಿಲಿಂಡರ್ ಜೋಡಿಸಿ ನೋಡಿದಾಗ ಒಂದು ಬರ್ನರ್ ಹೊತ್ತಲೇ ಇಲ್ಲ, ಇನ್ನೊಂದರಲ್ಲಿ ಹಳದಿ ಜ್ವಾಲೆ ಬಂತು. ಬಿಡುವಿನ ವೇಳೆಯಲ್ಲಿ ಇದನ್ನು ಕೈಯಾರೆ ಸರಿಪಡಿಸುವ ಆಸೆಯಿದೆ. ಇದು ಮಾಡಲು ಯೋಗ್ಯವಾದ ಕೆಲಸವೇ? ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಬಳಿ ಇರುವುದು ಎರಕದ ಅಲ್ಯೂಮಿನಿಯಂ ಒಡಲಿನ ಗ್ರಿಲ್ ಎಂಬ ಒಂದೇ ಸಂಗತಿ ಸಾಕು, ಇದು ಮಾಡಲು ಯೋಗ್ಯವಾದ ಕೆಲಸವೆಂದು ನಾನು ಹೇಳುತ್ತೇನೆ. ತೆಳು ತಗಡಿನ ಒಡಲಿನ ಗ್ರಿಲ್‌ಗಳು ತುಕ್ಕು ತಿಂದು ತೂತಾದ ಮೇಲೆ ಅವನ್ನು ಉಳಿಸಲು ದಾರಿಯಿರುವುದಿಲ್ಲ. ದಪ್ಪ ಎರಕದ ಒಡಲಾದರೋ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಒಳಗಿನ ಭಾಗಗಳನ್ನು ಎರಡು ಮೂರು ಬಾರಿ ಬದಲಿಸುವಷ್ಟು ಕಾಲ ಬಾಳುತ್ತದೆ. ಆದರೆ ಮೊದಲು ಒಂದು ಮಾತು. ನೀವು ಅದನ್ನು ಈಗಾಗಲೇ ಒಮ್ಮೆ ಹೊತ್ತಿಸಿ ನೋಡಿದ್ದೀರಿ. ದಯವಿಟ್ಟು ಸಿಲಿಂಡರನ್ನು ಬಿಚ್ಚಿ ದೂರವಿಡಿ. ಕೆಳಗೆ ಹೇಳುವ ತಪಾಸಣೆಗಳೆಲ್ಲ ಮುಗಿಯುವ ತನಕ ಮತ್ತೆ ಹೊತ್ತಿಸಬೇಡಿ. ಬಯಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಗ್ರಿಲ್‌ನಲ್ಲಿ ಹೊತ್ತದ ಬರ್ನರ್ ಮತ್ತು ಹಳದಿ ಜ್ವಾಲೆ ಎರಡೂ ಒಟ್ಟಿಗೆ ಕಾಣಿಸಿಕೊಂಡರೆ, ಅನಿಲ ಹೋಗಬೇಕಾದ ದಾರಿಯಲ್ಲಿ ಹೋಗುತ್ತಿಲ್ಲ ಎಂದೇ ತಿಳಿಯಬೇಕು.

ಇಂಥ ಕೆಲಸದಲ್ಲಿ ನಾನು ಪಾಲಿಸುವ ನಿಯಮ ಇಷ್ಟು: ಬೆಂಕಿಯನ್ನು ಹೊರುವ ಭಾಗಗಳನ್ನು ಉಳಿಸಿಕೊಳ್ಳುತ್ತೇನೆ, ಅನಿಲವನ್ನು ಹೊರುವ ಭಾಗಗಳನ್ನು ಬದಲಿಸುತ್ತೇನೆ. ಒಡಲು, ಮುಚ್ಚಳ, ಕಾಲುಗಳ ಚೌಕಟ್ಟು, ಎರಕದ ಕಬ್ಬಿಣದ ಜಾಲರಿ ಇವುಗಳಿಗೆ ಎಷ್ಟು ಶ್ರಮ ಹಾಕಿದರೂ ಅದು ಸಾರ್ಥಕ. ರಬ್ಬರ್ ಕೊಳವೆ, ರೆಗ್ಯುಲೇಟರ್ ಮತ್ತು ಬರ್ನರ್‌ಗಳಿಗೆ ಹಳತಿನ ಮೋಹ ಸಲ್ಲದು. ಹವ್ಯಾಸಿಗಳು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಹೊರಗಿನ ಬಣ್ಣಕ್ಕೆ ವಾರಗಟ್ಟಲೆ ದುಡಿಯುತ್ತಾರೆ, ಬಿರುಕುಬಿಟ್ಟ ಕೊಳವೆಯನ್ನು ಒರೆಸಿ ಮತ್ತೆ ಹಾಕುತ್ತಾರೆ.

ಒಡಲಿನ ಪರೀಕ್ಷೆಯಿಂದ ಆರಂಭಿಸಿ. ಪ್ರತಿಯೊಂದು ಭಾಗವನ್ನು ಬಿಚ್ಚುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದುಕೊಳ್ಳಿ. ತಿಂಗಳ ನಂತರ ಮರುಜೋಡಿಸುವಾಗ ನೆನಪು ಕೈಕೊಡುತ್ತದೆ, ಫೋಟೊ ಕೊಡುವುದಿಲ್ಲ. ಒಳಗಿನದೆಲ್ಲವನ್ನೂ ಹೊರತೆಗೆದು, ತಳದಲ್ಲಿ ಜಿಡ್ಡು ಇಳಿದುಹೋಗುವ ರಂಧ್ರದ ಸುತ್ತ, ಮುಚ್ಚಳದ ಕೀಲುಗಳ ಬುಡದಲ್ಲಿ ಮತ್ತು ಒಡಲು ಚೌಕಟ್ಟಿಗೆ ಬೋಲ್ಟ್‌ಗಳಿಂದ ಸೇರುವ ಕಿವಿಗಳಲ್ಲಿ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ತಗಲಿಕೊಂಡು, ಅಲ್ಲಿ ಉಪ್ಪು ಬೆರೆತ ತೇವ ನಿಂತರೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಆ ಕಿವಿಗಳಲ್ಲಿ ಬಿಳಿ ಪುಡಿ ಕಂಡರೆ ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ಗಟ್ಟಿತನ ನೋಡಬೇಕು. ಇನ್ನೊಂದು ಅಪಾಯವೆಂದರೆ ಹಿಂದೆ ಎಂದೋ ಆಗಿರಬಹುದಾದ ಜಿಡ್ಡಿನ ಬೆಂಕಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಎರಕಕ್ಕೆ ಬಳಸುವ ಮಿಶ್ರಲೋಹಗಳು ಅದಕ್ಕಿಂತ ಕಡಿಮೆ ಕಾವಿನಲ್ಲೇ ಕರಗತೊಡಗುತ್ತವೆ. ತಳದಲ್ಲಿ ಶೇಖರವಾದ ಜಿಡ್ಡು ಹತ್ತಿಕೊಂಡು ಉರಿದಿದ್ದರೆ ಅಂಚುಗಳು ಸೊಟ್ಟಗಾಗಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ತಳವೇ ಜೋಲುಬಿದ್ದಿದ್ದರೆ ಆ ಗ್ರಿಲ್ಲನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಈ ಪರೀಕ್ಷೆಯನ್ನು ಮೊದಲೇ ಮಾಡಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. ನಾನು ಮೊಟ್ಟಮೊದಲು ಕೈಗೆತ್ತಿಕೊಂಡ ಗ್ರಿಲ್‌ನ ಮುಚ್ಚಳವನ್ನು ಉಜ್ಜಿ, ಮೂರು ಪದರ ಬಣ್ಣ ಬಳಿದು, ಅದು ಒಣಗಿದ ಮೇಲೆ ಒಡಲನ್ನು ತಿರುವಿಹಾಕಿದಾಗ ಹಿಂಬದಿಯ ಕಿವಿಯೊಂದು ಮುಕ್ಕಾಲು ಪಾಲು ಸೀಳಿರುವುದು ಕಂಡಿತು. ಮುಚ್ಚಳದ ಮೇಲಿನ ಆ ಕೆಲಸವೆಲ್ಲ ವ್ಯರ್ಥವಾಯಿತು. ಅಂದಿನಿಂದ ಬಣ್ಣದ ಡಬ್ಬಿಯನ್ನು ಕೊನೆಯ ವಾರದವರೆಗೂ ತೆರೆಯುವುದಿಲ್ಲ.

ಚೌಕಟ್ಟು ಸಾಮಾನ್ಯವಾಗಿ ಉಕ್ಕಿನದು, ಮತ್ತು ಅದರ ಟೊಳ್ಳು ಕಾಲುಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿದ್ದರೂ ನೆಲದ ಹತ್ತಿರ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳಿ. ಬರಿಯ ಮೇಲ್ಮೈ ತುಕ್ಕಾದರೆ ಉಜ್ಜಿ ಬಣ್ಣ ಬಳಿದರೆ ಸಾಕು. ತಗಡು ಒಳಕ್ಕೆ ತಗ್ಗಿದರೆ ಆ ಕಾಲನ್ನು ಬದಲಿಸಬೇಕು ಅಥವಾ ಬೆಸುಗೆ ಹಾಕಿಸಬೇಕು, ಏಕೆಂದರೆ ಬಿಸಿ ಗ್ರಿಲ್ ಸಿಲಿಂಡರಿನ ಪಕ್ಕದಲ್ಲಿ ಕುಸಿಯುವುದಕ್ಕೆ ಎಂದೂ ಆಸ್ಪದ ಕೊಡಬಾರದು.

ತುಕ್ಕುಹಿಡಿದ ಬೋಲ್ಟ್‌ಗಳೇ ಈ ಕೆಲಸದಲ್ಲಿ ತಾಳ್ಮೆಯನ್ನು ಹೆಚ್ಚು ಬೇಡುವ ಭಾಗ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ದಿನ ಸಂಜೆಯೇ ಹಾಕಿ, ರಾತ್ರಿಯಿಡೀ ಇಳಿಯಲು ಬಿಟ್ಟು, ಮರುದಿನ ಮೊದಲು ಸ್ವಲ್ಪ ಬಿಗಿಮಾಡುವ ದಿಕ್ಕಿಗೆ ಅಲುಗಿಸಿ ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಆರು ಮೂಲೆಯ ಸಾಕೆಟ್ ಸ್ಪ್ಯಾನರ್ ಬಳಸಿದರೆ ಬೋಲ್ಟಿನ ತಲೆ ಸವೆಯುವುದು ಕಡಿಮೆ. ಬಿಸಿಮಾಡಿ ಬಿಚ್ಚುವುದಾದರೆ ಎಣ್ಣೆಯನ್ನೆಲ್ಲ ಒರೆಸಿ, ಅನಿಲದ ಭಾಗಗಳೆಲ್ಲ ಹೊರಬಂದ ಮೇಲೆಯೇ ಬಿಸಿಮಾಡಬೇಕು. ಎಷ್ಟಾದರೂ ಕೆಲವು ಬೋಲ್ಟ್‌ಗಳು ಮುರಿಯುತ್ತವೆ. ಅವನ್ನು ನಡುವಿನಲ್ಲಿ ಗುರುತು ಹೊಡೆದು ಡ್ರಿಲ್ ಮಾಡಿ ತೆಗೆಯಬಹುದು. ಮರುಜೋಡಣೆಗೆ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನೇ ಬಳಸಿ, ತಿರುಪುಗಳಿಗೆ ಹೆಚ್ಚು ಕಾವು ತಡೆಯುವ, ಬೋಲ್ಟ್ ಕಚ್ಚಿಕೊಳ್ಳದಂತೆ ಮಾಡುವ ಲೇಪವನ್ನು ಹಚ್ಚಿ. ಸ್ಟೇನ್‌ಲೆಸ್ ಕೂಡ ಅಲ್ಯೂಮಿನಿಯಂ ಜೊತೆ ತೇವದಲ್ಲಿ ಜಗಳವಾಡುತ್ತದೆ, ಆ ಲೇಪ ಎರಡನ್ನೂ ದೂರವಿಡುತ್ತದೆ. ಸತುವಿನ ಲೇಪವಿರುವ ಗ್ಯಾಲ್ವನೈಸ್ಡ್ ಬೋಲ್ಟ್ ಅಥವಾ ತಗಡನ್ನು ಒಡಲಿನೊಳಗೆ ಎಲ್ಲಿಯೂ ಹಾಕಬೇಡಿ. ಸತುವು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ, ಇನ್ನೂ ಹೆಚ್ಚು ಕಾದರೆ ಅದರಿಂದ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ.

ಇನ್ನು ಮುಚ್ಚಳದ ಒಳಗೆ ಉದುರುತ್ತಿರುವ ಬಣ್ಣ. ಅದು ಬಹುಮಟ್ಟಿಗೆ ಬಣ್ಣವೇ ಅಲ್ಲ. ಇಂಥ ಗ್ರಿಲ್‌ಗಳ ಮುಚ್ಚಳದ ಒಳಮೈಗೆ ಸಾಮಾನ್ಯವಾಗಿ ಬಣ್ಣ ಬಳಿದಿರುವುದಿಲ್ಲ. ಎಷ್ಟೋ ವರ್ಷಗಳ ಜಿಡ್ಡಿನ ಹೊಗೆ ಒಳಮೈಗೆ ಅಂಟಿ, ಕಾದು ಇದ್ದಿಲಾಗಿ, ಪದರ ದಪ್ಪವಾದ ಮೇಲೆ ಸುಲಿದ ಬಣ್ಣದಂತೆಯೇ ಹೊಳೆಯುವ ಹಕ್ಕಳೆಗಳಾಗಿ ಉದುರುತ್ತದೆ. ಇದನ್ನು ಬಣ್ಣವೆಂದು ತಿಳಿದು ಒಳಮೈಗೆ ಹೊಸ ಬಣ್ಣ ಬಳಿಯುವುದು ದೊಡ್ಡ ತಪ್ಪು. ಆಗ ನಿಜವಾಗಿಯೂ ಆಹಾರದ ಮೇಲೆ ಬಣ್ಣ ಉದುರತೊಡಗುತ್ತದೆ. ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದು, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಉಳಿದದ್ದಕ್ಕೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಲೋಹ ಕನ್ನಡಿಯಂತೆ ಹೊಳೆಯಬೇಕಿಲ್ಲ. ಸಡಿಲವಾದದ್ದೆಲ್ಲ ಹೋದರೆ ಸಾಕು, ಗಟ್ಟಿಯಾಗಿ ಕೂತ ತೆಳು ಕಪ್ಪು ಪದರದಿಂದ ತೊಂದರೆಯಿಲ್ಲ.

ಓವನ್ ತೊಳೆಯಲು ಮಾರುವ ಪ್ರಬಲ ದ್ರಾವಣಗಳಿಂದ ಮಾತ್ರ ದೂರವಿರಿ. ಅವುಗಳಲ್ಲಿ ಅನೇಕವು ಕಾಸ್ಟಿಕ್ ಸೋಡಾ ಬೆರೆತವು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಹಾಗೆ ತಿನ್ನುವಾಗ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ, ಮೈಯನ್ನು ಕಪ್ಪಾಗಿಸಿ ಗುಳಿ ಬೀಳಿಸುತ್ತದೆ. ಉಕ್ಕಿನ ಓವನ್‌ಗೆ ಹಿತವಾದದ್ದು ಈ ಒಡಲಿಗೆ ವಿಷ.

ಈಗ ಅನಿಲದ ದಾರಿಗೆ ಬರೋಣ. ನಿಮ್ಮ ಗ್ರಿಲ್‌ನ ಎರಡೂ ದೂರುಗಳ ಮೂಲ ಇಲ್ಲಿಯೇ ಇದೆ. ವಾಲ್ವಿನ ತುದಿಯಲ್ಲಿ ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಣುಕು ಇರುತ್ತದೆ. ಅದರ ಸೂಜಿಮೊನೆಯಷ್ಟು ರಂಧ್ರದಿಂದ ಅನಿಲ ವೇಗವಾಗಿ ಚಿಮ್ಮಿ ಬರ್ನರ್ ನಳಿಕೆಯ ಬಾಯಿಗೆ ನುಗ್ಗುತ್ತದೆ, ನುಗ್ಗುವಾಗ ಪಕ್ಕದ ಕಿಂಡಿಗಳಿಂದ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ವೆಂಚುರಿ ಎಂದು ಕರೆಯುವ ಈ ಬಾಯಿಯಲ್ಲಿ ಗಾಳಿ ಮತ್ತು ಅನಿಲ ತಕ್ಕ ಪ್ರಮಾಣದಲ್ಲಿ ಬೆರೆತರೆ ನೀಲಿ ಜ್ವಾಲೆ, ಗಾಳಿ ಸಾಲದಿದ್ದರೆ ಹಳದಿ ಜ್ವಾಲೆ ಮತ್ತು ಮಸಿ. ದಾರಿ ಪೂರ್ತಿ ಮುಚ್ಚಿದ್ದರೆ ಬರ್ನರ್ ಹೊತ್ತುವುದೇ ಇಲ್ಲ. ಆದರೆ ಅನಿಲ ಹರಿಯುವುದು ನಿಂತಿರುವುದಿಲ್ಲ, ಅದು ಹಿಂದಕ್ಕೆ ಹೊರಳಿ ತಿರುಗಣೆಗಳ ಹಿಂಬದಿಯಲ್ಲಿ ಶೇಖರವಾಗಿ, ಪಕ್ಕದ ಬರ್ನರಿನ ಉರಿಯಿಂದ ಅಲ್ಲಿಯೇ ಹೊತ್ತಿಕೊಳ್ಳಬಹುದು. ಇದಕ್ಕಾಗಿಯೇ ಹೊತ್ತಿಸಬೇಡಿ ಎಂದು ಮೊದಲೇ ಹೇಳಿದ್ದು.

ದಾರಿ ಮುಚ್ಚುವುದು ಯಾವುದು? ಬಹಳಷ್ಟು ಸಲ ಜೇಡ. ಕತ್ತಲೆಯ, ಮಳೆ ತಾಗದ, ಕಿರಿದಾದ ಆ ನಳಿಕೆ ಅದಕ್ಕೆ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಇಂಧನವಿರುವ ಕೊಳವೆಗಳಿಗೂ ಜೇಡಗಳಿಗೂ ಇರುವ ನಂಟು ಗ್ರಿಲ್‌ಗಳಿಗೆ ಮಾತ್ರ ಸೀಮಿತವಲ್ಲ: 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ತನ್ನ ಒಂದು ಮಾದರಿಯ ಸಾವಿರಾರು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇಂಧನ ಟ್ಯಾಂಕಿನ ಗಾಳಿಕೊಳವೆಯಲ್ಲಿ ಒಂದು ಜಾತಿಯ ಜೇಡ ಬಲೆ ಕಟ್ಟುತ್ತಿದ್ದ ಕಾರಣಕ್ಕೆ. ಬರ್ನರನ್ನು ಹೊರತೆಗೆದು, ಉದ್ದ ಹಿಡಿಯ ಬಾಟಲಿ ಬ್ರಷ್‌ನಿಂದ ನಳಿಕೆಯ ಒಳಗನ್ನು ಎರಡೂ ಕಡೆಯಿಂದ ತಿಕ್ಕಿ, ಒಂದು ತುದಿಯಿಂದ ನೀರು ಬಿಟ್ಟು ಎಲ್ಲ ರಂಧ್ರಗಳಿಂದಲೂ ಸಮನಾಗಿ ಬರುತ್ತದೆಯೇ ನೋಡಿ, ಪೂರ್ತಿ ಒಣಗಿಸಿ. ನಳಿಕೆಯ ಬಾಯಲ್ಲಿ ಕೀಟ ನುಗ್ಗದಂತೆ ಸಣ್ಣ ಜಾಲರಿ ಇದ್ದರೆ ಅದನ್ನು ತೊಳೆದು ಮತ್ತೆ ಕೂರಿಸುವುದನ್ನು ಮರೆಯಬೇಡಿ.

ಬರ್ನರಿನ ರಂಧ್ರಗಳು ತುಕ್ಕಿನಿಂದ ಒಂದಕ್ಕೊಂದು ಸೇರಿ ಅಗಲವಾಗಿದ್ದರೆ, ಅಥವಾ ನಳಿಕೆ ಸೀಳಿದ್ದರೆ, ತೊಳೆದು ಪ್ರಯೋಜನವಿಲ್ಲ, ಹೊಸದು ತನ್ನಿ. ಹಳೆಯದರ ಉದ್ದ, ನಳಿಕೆಯ ವ್ಯಾಸ, ಕೂರಿಸುವ ತೂತಿನ ಸ್ಥಾನ ಇವನ್ನು ಅಳೆದುಕೊಂಡು ಹೋದರೆ ಅದೇ ಕಂಪನಿಯ ಭಾಗ ಸಿಗದಿದ್ದರೂ ಹೊಂದುವಂಥದ್ದು ಸಿಗುತ್ತದೆ. ಸ್ಟೇನ್‌ಲೆಸ್ ಎಂಬ ಹೆಸರಿನಲ್ಲಿ ಎರಡು ಬಗೆಯ ಉಕ್ಕು ಮಾರಾಟವಾಗುತ್ತದೆ. 304 ದರ್ಜೆಯಲ್ಲಿ ಸುಮಾರು 18 ಪಾಲು ಕ್ರೋಮಿಯಂ ಜೊತೆಗೆ ಸುಮಾರು 8 ಪಾಲು ನಿಕ್ಕಲ್ ಇರುತ್ತದೆ, ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. 430 ದರ್ಜೆಯಲ್ಲಿ ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ, ಬಾಳಿಕೆಯೂ ಕಡಿಮೆ. ಒಂದು ಅಯಸ್ಕಾಂತ ಇಟ್ಟುಕೊಂಡಿರಿ. 430 ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, 304 ಬಹುತೇಕ ಅಂಟುವುದೇ ಇಲ್ಲ.

ಜೆಟ್‌ಗಳ ವಿಷಯದಲ್ಲಿ ಕೈ ಹಗುರವಾಗಿರಲಿ. ಆ ರಂಧ್ರದ ಅಳತೆಯೇ ಉರಿಯ ಅಳತೆ. ತಂತಿ ಅಥವಾ ಡ್ರಿಲ್‌ನಿಂದ ಕೆದಕಿದರೆ ರಂಧ್ರ ಅಗಲವಾಗಿ ಅನಿಲ ಮಿತಿಮೀರಿ ಬರುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿದರೆ ಸಾಕು. ನಿಮ್ಮ ಗ್ರಿಲ್ ಯಾವ ಅನಿಲಕ್ಕಾಗಿ ತಯಾರಾದದ್ದು ಎಂಬುದನ್ನೂ ಅದರ ಫಲಕ ನೋಡಿ ಖಚಿತಪಡಿಸಿಕೊಳ್ಳಿ. ಒಂದೇ ಗಾತ್ರದ ಪ್ರೊಪೇನ್‌ನಲ್ಲಿ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಿರುತ್ತದೆ. ಆದ್ದರಿಂದ ನೈಸರ್ಗಿಕ ಅನಿಲದ ಜೆಟ್‌ಗಳ ರಂಧ್ರ ದೊಡ್ಡದು, ಅವುಗಳಿಗೆ ಸಿಲಿಂಡರ್ ಜೋಡಿಸಿದರೆ ಉರಿ ಹತೋಟಿಗೆ ಸಿಗುವುದಿಲ್ಲ.

ಕೊಳವೆ ಮತ್ತು ರೆಗ್ಯುಲೇಟರನ್ನು ನೀವು ಪರೀಕ್ಷಿಸುತ್ತ ಕೂರಬೇಡಿ, ಹೊಸದನ್ನೇ ಹಾಕಿ. ರಬ್ಬರ್ ಬಿಸಿಲಿನಲ್ಲಿ ಒಣಗಿ ಸೀಳುತ್ತದೆ, ಇಲಿ ಕಡಿದಿರುತ್ತದೆ. ರೆಗ್ಯುಲೇಟರಿನೊಳಗಿನ ತೆಳು ಪೊರೆ ವಯಸ್ಸಾದಂತೆ ಗಡುಸಾಗುತ್ತದೆ, ಅದು ಹೊರಗಿನಿಂದ ಕಾಣುವುದಿಲ್ಲ. ಇಡೀ ಗ್ರಿಲ್‌ನಲ್ಲಿ ನಾನು ಒಂದು ಕ್ಷಣವೂ ಯೋಚಿಸದೆ ಎಸೆಯುವ ಭಾಗಗಳು ಈ ಎರಡೇ. ಹೊಸ ರೆಗ್ಯುಲೇಟರ್ ನಿಮ್ಮ ಗ್ರಿಲ್‌ನ ಫಲಕದಲ್ಲಿ ಬರೆದಿರುವ ಒತ್ತಡಕ್ಕೆ ತಕ್ಕದ್ದಾಗಿರಬೇಕು. ವಾಲ್ವ್‌ಗಳ ತಿರುಗಣೆ ಬಿಗಿಯಾಗಿದ್ದರೆ ಅನಿಲ ವಾಲ್ವ್‌ಗಳಿಗೆಂದೇ ಇರುವ ಗ್ರೀಸ್ ಬಳಸುವ ಪದ್ಧತಿಯಿದೆ, ಆದರೆ ಅದನ್ನು ಅನುಭವಿ ಗ್ಯಾಸ್ ಮೆಕ್ಯಾನಿಕ್ ಮಾಡಲಿ. ಹವ್ಯಾಸಿಯು ವಾಲ್ವಿನ ಒಳಗನ್ನು ಬಿಚ್ಚಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಸೋರುವ ವಾಲ್ವನ್ನು ರಿಪೇರಿ ಮಾಡದೆ ಬದಲಿಸಿ.

ಎಲ್ಲ ಜೋಡಿಸಿದ ಮೇಲೆ ಸೋರಿಕೆಯ ಪರೀಕ್ಷೆ. ಇದನ್ನು ಬಯಲಿನಲ್ಲಿ, ಹತ್ತಿರ ಯಾವ ಕಿಡಿಯೂ ಇಲ್ಲದೆ ಮಾಡಬೇಕು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದ್ದು ಮೇಲೆ ಹಾರಿಹೋಗದೆ ತಗ್ಗಿನಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿ ಬರೀ 2.1 ಪ್ರತಿಶತ ಸೇರಿದರೂ ಹೊತ್ತಿಕೊಳ್ಳಬಲ್ಲದು. ಪಾತ್ರೆ ಸೋಪು ಮತ್ತು ನೀರನ್ನು ಸಮಪಾಲು ಕಲಸಿಟ್ಟುಕೊಂಡು, ಬರ್ನರ್‌ಗಳ ತಿರುಗಣೆಗಳನ್ನೆಲ್ಲ ಮುಚ್ಚಿ, ಸಿಲಿಂಡರಿನ ವಾಲ್ವ್ ಮಾತ್ರ ನಿಧಾನವಾಗಿ ತೆರೆಯಿರಿ. ಸಿಲಿಂಡರಿನ ಬಾಯಿಂದ ಆರಂಭಿಸಿ ಪ್ರತಿ ಸೇರುವೆಗೂ, ಕೊಳವೆಯ ಉದ್ದಕ್ಕೂ, ವಾಲ್ವ್‌ಗಳ ದಂಡದ ಬುಡಕ್ಕೂ ಬ್ರಷ್‌ನಿಂದ ನೊರೆ ಹಚ್ಚಿ, ಪ್ರತಿಯೊಂದು ಜಾಗವನ್ನೂ ಅರ್ಧ ನಿಮಿಷವಾದರೂ ದಿಟ್ಟಿಸಿ ನೋಡಿ. ಗುಳ್ಳೆ ಬೆಳೆಯುತ್ತಿದ್ದರೆ ಸಿಲಿಂಡರ್ ಮುಚ್ಚಿ, ಆ ಸೇರುವೆಯನ್ನು ಬಿಗಿಮಾಡಿ, ಮತ್ತೆ ನೋಡಿ. ಬಿಗಿಮಾಡಿಯೂ ನಿಲ್ಲದಿದ್ದರೆ ಆ ಭಾಗ ಬದಲಾಗಬೇಕು. ಸೋರಿಕೆ ಹುಡುಕಲು ಬೆಂಕಿಕಡ್ಡಿ ಗೀರುವ ಅಭ್ಯಾಸವನ್ನು ಎಲ್ಲಿಯಾದರೂ ನೋಡಿದ್ದರೆ ಅದನ್ನು ಮರೆತುಬಿಡಿ. ಬಾಯಗಲಿಸಿದ ತಾಮ್ರದ ಕೊಳವೆ ನೇರವಾಗಿ ಲೋಹಕ್ಕೆ ಒತ್ತಿ ಕೂರುವ ಸೇರುವೆಗಳಿಗೆ ಟೇಪ್ ಸುತ್ತಬಾರದು. ಟೇಪ್ ಇರುವುದು ಮೊನಚಾಗುತ್ತ ಹೋಗುವ ತಿರುಪುಗಳಿಗೆ ಮಾತ್ರ, ಅದೂ ಅನಿಲಕ್ಕೆಂದೇ ತಯಾರಾದದ್ದು.

ಜಾಲರಿಯ ಕೆಲಸ ಇದಕ್ಕೆ ಹೋಲಿಸಿದರೆ ನೆಮ್ಮದಿಯದು. ಅದು ಎರಕದ ಕಬ್ಬಿಣದ್ದಾಗಿ, ಮೇಲೆ ಎನಾಮಲ್ ಇಲ್ಲದಿದ್ದರೆ, ತುಕ್ಕು ಎಷ್ಟೇ ಕೆಂಪಾಗಿದ್ದರೂ ಎದೆಗುಂದಬೇಡಿ. ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಅದರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡುತ್ತಿರಿ. ತುಕ್ಕು ಬಿಟ್ಟ ಮೇಲೂ ನೆನೆಯಲು ಬಿಟ್ಟರೆ ಆಮ್ಲವು ಕಬ್ಬಿಣವನ್ನೇ ತಿನ್ನತೊಡಗುತ್ತದೆ. ವಾಷಿಂಗ್ ಸೋಡಾ ನೀರು ಮತ್ತು 12 ವೋಲ್ಟ್ ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನ ಇನ್ನೂ ಸೊಗಸಾದದ್ದು, ಆದರೆ ಅಲ್ಲಿ ಎದುರು ತಗಡಾಗಿ ಸ್ಟೇನ್‌ಲೆಸ್ ಉಕ್ಕನ್ನು ಎಂದೂ ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗೆ ಇಳಿಯುತ್ತದೆ. ತೊಳೆದು ಒಣಗಿಸಿದ ಕೂಡಲೇ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಬಟ್ಟೆಯಿಂದ ಒರೆಸಿ ತೆಗೆದೆವೇನೋ ಅನ್ನಿಸುವಷ್ಟು ಒರೆಸಿ, 200ರಿಂದ 230 ಡಿಗ್ರಿ ಕಾವಿನಲ್ಲಿ ಒಂದು ಗಂಟೆ ಇಟ್ಟು ಪಳಗಿಸಿ. ಮೂರು ನಾಲ್ಕು ಬಾರಿ ಹೀಗೆ ಮಾಡಿದರೆ ಗಟ್ಟಿ ಕಪ್ಪು ಮೈ ಬರುತ್ತದೆ. ಎಣ್ಣೆ ದಪ್ಪವಾದರೆ ಅಂಟಂಟಾಗಿ ಕೂತು ಕೆಲಸ ಕೆಡುತ್ತದೆ. ಎನಾಮಲ್ ಬಳಿದ ಜಾಲರಿಯಾಗಿದ್ದು ಅದು ಚೂರಾಗಿ ಏಳುತ್ತಿದ್ದರೆ ಬೇರೆ ತನ್ನಿ, ಆ ಚೂರುಗಳು ಗಾಜಿನಂಥವು. ಉಜ್ಜಲು ತಂತಿ ಬ್ರಷ್ ಬಳಸಿದರೆ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ನೋಡಿ. ಕಿತ್ತುಬಂದ ಒಂದು ತಂತಿಯೆಳೆ ಆಹಾರದೊಂದಿಗೆ ಹೊಟ್ಟೆಗೆ ಹೋದರೆ ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ.

ಬರ್ನರ್ ಮತ್ತು ಜಾಲರಿಯ ನಡುವೆ ಏನಿದೆ ಎಂದು ನೀವು ಬರೆದಿಲ್ಲ. ಹಳೆಯ ವಿನ್ಯಾಸಗಳಲ್ಲಿ ಅಲ್ಲಿ ಲಾವಾ ಕಲ್ಲುಗಳಿರುತ್ತಿದ್ದವು. ವೆಬರ್ ಕಂಪನಿ 1985ರಲ್ಲಿ ತಂದ ಜೆನೆಸಿಸ್ ಮಾದರಿಯು ಕಲ್ಲುಗಳ ಬದಲು ಎರಡೂ ಕಡೆ ಇಳಿಜಾರಾದ, ಮನೆಯ ಸೂರಿನಂಥ ಲೋಹದ ಪಟ್ಟಿಗಳನ್ನು ಇಟ್ಟಿತು. ಜಿಡ್ಡು ಅವುಗಳ ಮೇಲೆ ಬಿದ್ದು ಸ್ವಲ್ಪ ಆವಿಯಾಗಿ, ಉಳಿದದ್ದು ಬರ್ನರಿನ ಮೇಲೆ ಬೀಳದೆ ಪಕ್ಕಕ್ಕೆ ಜಾರುತ್ತದೆ. ನಿಮ್ಮದರಲ್ಲಿ ಪಟ್ಟಿಗಳಿದ್ದು ತೂತಾಗಿದ್ದರೆ ಬದಲಿಸಿ, ಏಕೆಂದರೆ ಅವು ಬರ್ನರ್‌ಗಳ ಕೊಡೆಗಳು. ಕಲ್ಲುಗಳಿದ್ದು ಜಿಡ್ಡು ಕುಡಿದು ಕಪ್ಪಾಗಿದ್ದರೆ ತೊಳೆಯಲು ಹೋಗದೆ ಹೊಸ ಕಲ್ಲು ಹಾಕಿ. ಕಿಡಿ ಹೊತ್ತಿಸುವ ಗುಂಡಿ ಕೆಲಸ ಮಾಡದಿದ್ದರೆ ಬಹುಪಾಲು ದೋಷ ಸಡಿಲ ತಂತಿ ಅಥವಾ ಬಿರುಕುಬಿಟ್ಟ ಪಿಂಗಾಣಿಯದು. ಕಿಡಿ ಹಾರುವ ಅಂತರ 3ರಿಂದ 6 ಮಿಲಿಮೀಟರ್ ಇದ್ದರೆ ಸರಿ.

ಬಣ್ಣ ಹೊರಮೈಗೆ ಮಾತ್ರ. 600 ಡಿಗ್ರಿಯ ಆಸುಪಾಸಿನ ಕಾವು ತಡೆಯುವ ಸಿಲಿಕೋನ್ ಬಣ್ಣವನ್ನೇ ಆರಿಸಿ. ಉಜ್ಜುಕಾಗದದಿಂದ ಮೈಯನ್ನು ತುಸು ಒರಟಾಗಿಸಿ, ಜಿಡ್ಡಿನ ಸುಳಿವೂ ಇಲ್ಲದಂತೆ ಸ್ಪಿರಿಟ್‌ನಿಂದ ಒರೆಸಿ, ತೆಳುವಾದ ಎರಡು ಮೂರು ಪದರ ಸಿಂಪಡಿಸಿ. ಈ ಬಣ್ಣ ಗಾಳಿಗೆ ಒಣಗಿದಂತೆ ಕಂಡರೂ ಗಟ್ಟಿಯಾಗುವುದು ಕಾವಿನಲ್ಲಿಯೇ. ಆದ್ದರಿಂದ ಡಬ್ಬಿಯ ಮೇಲಿನ ಸೂಚನೆಯಂತೆ ಮೊದಲು ಸಣ್ಣ ಉರಿ, ಆರಿಸುವುದು, ಆಮೇಲೆ ಮಧ್ಯಮ ಉರಿ ಹೀಗೆ ಹಂತಹಂತವಾಗಿ ಕಾಯಿಸಬೇಕು.

ಮೊದಲ ಬಾರಿ ಹೊತ್ತಿಸುವಾಗ ಮುಚ್ಚಳ ತೆರೆದೇ ಇರಲಿ. ಜ್ವಾಲೆ ನೀಲಿಯಾಗಿದ್ದು ತುದಿಯಲ್ಲಿ ತುಸು ಹಳದಿ ಇದ್ದರೆ ಅದು ಹದವಾದದ್ದು. ಪೂರ್ತಿ ಹಳದಿಯಾದರೆ ನಳಿಕೆಯ ಬಾಯಲ್ಲಿರುವ ಗಾಳಿಯ ಕಿಂಡಿಯನ್ನು ಸ್ವಲ್ಪ ತೆರೆಯಿರಿ, ಜ್ವಾಲೆ ರಂಧ್ರ ಬಿಟ್ಟು ಮೇಲೆದ್ದು ಭುಸುಗುಟ್ಟಿದರೆ ಸ್ವಲ್ಪ ಮುಚ್ಚಿ. ಎಲ್ಲ ಬರ್ನರ್‌ಗಳಲ್ಲೂ ಉರಿ ಸಣ್ಣದಾಗಿ, ಗ್ರಿಲ್ ಕಾವೇರದಿದ್ದರೆ ಹೊಸ ರೆಗ್ಯುಲೇಟರನ್ನು ದೂರುವ ಮೊದಲು ಇನ್ನೊಂದು ಸಾಧ್ಯತೆ ನೋಡಿ: ಬರ್ನರಿನ ತಿರುಗಣೆ ತೆರೆದಿರುವಾಗಲೇ ಸಿಲಿಂಡರ್ ತೆರೆದರೆ ಕೆಲವು ಬಗೆಯ ರೆಗ್ಯುಲೇಟರ್‌ಗಳಲ್ಲಿರುವ ಸುರಕ್ಷತಾ ವ್ಯವಸ್ಥೆ ಅದನ್ನು ಸೋರಿಕೆಯೆಂದು ತಿಳಿದು ಹರಿವನ್ನು ತಗ್ಗಿಸುತ್ತದೆ. ಎಲ್ಲವನ್ನೂ ಮುಚ್ಚಿ, ಕೆಲವು ನಿಮಿಷ ಬಿಟ್ಟು, ಸಿಲಿಂಡರನ್ನು ಮೊದಲು ನಿಧಾನವಾಗಿ ತೆರೆದು ಆಮೇಲೆ ಬರ್ನರ್ ತೆರೆದರೆ ಸರಿಹೋಗುತ್ತದೆ. ಬಣ್ಣದ ಹಂತಗಳು ಮುಗಿದ ನಂತರ ಮುಚ್ಚಳ ಹಾಕಿ ಅರ್ಧ ಗಂಟೆ ದೊಡ್ಡ ಉರಿಯಲ್ಲಿ ಬರಿದೇ ಉರಿಸಿ, ಉಳಿದ ಎಣ್ಣೆ ಸೋಪುಗಳ ವಾಸನೆ ಹೋಗಲಿ. ಪೂರ್ತಿ ತಣ್ಣಗಾದ ಮೇಲೆ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿ, ಸೋಪಿನ ನೊರೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕಾದು ತಣಿದ ಸೇರುವೆಗಳು ಸಡಿಲವಾಗುವುದು ಬಹುಮಟ್ಟಿಗೆ ಈ ಮೊದಲ ಸುತ್ತಿನಲ್ಲೇ.